ಗೇಟು ಒಂಬತ್ತಕ್ಕೆ, ನಿದ್ದೆ ಎಷ್ಟಕ್ಕೆ?

ನಮ್ಮ ಹೊಲದಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತೆ. ಫೋನಿನ ನಕ್ಷೆಯಲ್ಲಿ ಬೆಟ್ಟದ ತುದಿಯವರೆಗೂ ರಸ್ತೆಯ ಗೆರೆ ಎಳೆದಿದೆ. ಹೊರಗಿನವರು ಅದನ್ನು ನಂಬಿ ಕಾರಿನಲ್ಲಿ ಬರುತ್ತಾರೆ. ಬುಡದಲ್ಲೇ ತಡೆ. ಕಾರು ಅಲ್ಲಿ ಬಿಟ್ಟು ಸರಕಾರಿ ಬಸ್ಸು ಹತ್ತಬೇಕು. ರಸ್ತೆ ಇದೆ ಅನ್ನುವುದು ಒಂದು ವಿಷಯ, ಹೋಗಲು ಬಿಡುತ್ತಾರೆ ಅನ್ನುವುದು ಇನ್ನೊಂದು.

ಪ್ರವಾಸಿಗರಿಗೆ ಇದರಿಂದ ಅರ್ಧ ಗಂಟೆ ನಷ್ಟ. ತರಕಾರಿ ಲೋಡು ಕಳಿಸುವ ನಮಗೆ ಒಂದು ರಾತ್ರಿಯೇ ನಷ್ಟ. ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದೂ ಹೋಗಬಹುದು. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ರಸ್ತೆ, ಒಂದೇ ಗಡಿಯಾರ

ಗುಂಡ್ಲುಪೇಟೆಯಿಂದ ಕಾಡು ದಾಟಲು ಎರಡು ಹೆದ್ದಾರಿ. ಮದ್ದೂರು, ಮೂಲೆಹೊಳೆ, ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವುದು 766. ಹಳಬರ ಬಾಯಲ್ಲಿ ಇದು ಈಗಲೂ 212. ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರದ ಮೇಲೆ ಗೂಡಲೂರು, ಊಟಿಗೆ ಹೋಗುವುದು 181, ಅಂದರೆ ಹಳೇ 67. ನಮ್ಮ ಟೊಮೆಟೊ, ಬೀಟ್‌ರೂಟ್, ಎಲೆಕೋಸು, ಬಾಳೆ, ಓಣಂ ಕಾಲದ ಚೆಂಡುಹೂವು ಎಲ್ಲ ಈ ರಸ್ತೆಗಳಲ್ಲೇ ಕೇರಳ ಸೇರಬೇಕು.

ಎರಡೂ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಲ್ಲಿ ಜಿಲ್ಲಾಧಿಕಾರಿಗಳ ಆದೇಶದಿಂದ ಇದು ಶುರುವಾಯಿತು. 2010ರಲ್ಲಿ ಹೈಕೋರ್ಟು ಎತ್ತಿ ಹಿಡಿಯಿತು. ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೇ ಈ ನಿಯಮ. ಇದರ ಮೇಲೆ ನನ್ನ ತಕರಾರಿಲ್ಲ. ಕಾಡಿನ ಅಂಚಿನಲ್ಲೇ ಬೇಸಾಯ ಮಾಡುವವರು ನಾವು. ನಾನು ಹೇಳಹೊರಟಿದ್ದು ಗೇಟಿನ ಈಚೆ ನಾವು ಮಾಡುವ ತಪ್ಪಿನ ಬಗ್ಗೆ.

ಗುಂಡ್ಲುಪೇಟೆಯಿಂದ ಕ್ಯಾಲಿಕಟ್‌ಗೆ ಸುಮಾರು 150 ಕಿ.ಮೀ. ಅಲ್ಲಿ ಸಗಟು ವ್ಯಾಪಾರ ಬೆಳಗಿನ ಜಾವಕ್ಕೇ. ರಾತ್ರಿ 9ರೊಳಗೆ ಮದ್ದೂರು ದಾಟಿದರೆ ಆರಾಮವಾಗಿ ತಲುಪಬಹುದು. 9 ಗಂಟೆ 5 ನಿಮಿಷಕ್ಕೆ ಬಂದರೆ ಬೆಳಿಗ್ಗೆ 6ರವರೆಗೆ ಸಾಲಿನಲ್ಲಿ ನಿಲ್ಲಬೇಕು. ಕ್ಯಾಲಿಕಟ್ ಸೇರುವಾಗ ಬಿಸಿಲೇರಿರುತ್ತದೆ, ಮಾರುಕಟ್ಟೆ ಖಾಲಿ. ಐದು ನಿಮಿಷಕ್ಕೆ ಒಂಬತ್ತು ಗಂಟೆ ದಂಡ. ಅದಕ್ಕೇ ಎಲ್ಲರಿಗೂ ಅವಸರ.

ಆ ರಾತ್ರಿ ಆದದ್ದು

ಮೂರು ವರ್ಷದ ಹಿಂದಿನ ಮಾತು. ಟೊಮೆಟೊ ಬಿಡಿಸಿ ಆಗಿತ್ತು, ಕ್ರೇಟು ಬಂದದ್ದು ಸಂಜೆ ಆರಕ್ಕೆ. ಲೋಡು ಮುಗಿಸಿ ಟಾರ್ಪಾಲು ಬಿಗಿದಾಗ ಎಂಟು ಗಂಟೆಗೆ ಹತ್ತೇ ನಿಮಿಷ. ಫೋನು ನೋಡಿದೆ, ಮದ್ದೂರಿಗೆ 34 ನಿಮಿಷ ಅಂತು. "ಹೊರಡಪ್ಪ, ಸಿಕ್ತದೆ" ಅಂದೆ. ನಾನೂ ಕ್ಯಾಬಿನ್ ಹತ್ತಿದೆ. ಲೋಡು ಗಾಡಿಗೆ 34 ನಿಮಿಷ ಎಲ್ಲಿ ಸಾಕು? ಗೇಟು ಸೇರಿದ್ದು ಎಂಟು ಐವತ್ತಕ್ಕೆ.

ನಮ್ಮ ಡ್ರೈವರು ಅಂದು ಎದ್ದದ್ದು ಬೆಳಿಗ್ಗೆ ಐದಕ್ಕೆ. ಹಗಲು ನನ್ನದೇ ಟ್ರಾಕ್ಟರ್ ಓಡಿಸಿದ್ದ, ಸಂಜೆ ಕ್ರೇಟಿಗೂ ಕೈ ಕೊಟ್ಟಿದ್ದ. ಬತ್ತೇರಿಯಲ್ಲಿ "ಅಣ್ಣ, ಒಂಚೂರು ನಿಲ್ಸನಾ?" ಅಂದ. ಫೋನು ಕ್ಯಾಲಿಕಟ್ ತಲುಪುವ ಹೊತ್ತು ತೋರಿಸುತ್ತಿತ್ತು. ಆ ಅಂಕಿ ಮುಂದಕ್ಕೆ ಜರುಗುವುದು ನನಗೆ ಬೇಡವಾಗಿತ್ತು. "ಕಲ್ಪೆಟ್ಟ ದಾಟಿ ಟೀ ಕುಡಿಯಣ" ಅಂದೆ.

ವೈತ್ತಿರಿ ಇನ್ನೂ ಬಂದಿರಲಿಲ್ಲ. ಕ್ಯಾಂಟರು ಮೆಲ್ಲಗೆ ಎಡಕ್ಕೆ ಸರಿಯಿತು. ಡ್ರೈವರು ನೋಡುತ್ತಿದ್ದಾನೆ ಅಂದುಕೊಂಡೆ. ಕಣ್ಣು ಮುಚ್ಚಿತ್ತು. ನಾನು ಕೂಗುವಷ್ಟರಲ್ಲಿ ಎಡಗಾಲಿಗಳು ಚರಂಡಿಗೆ ಇಳಿದವು. ಗಾಡಿ ವಾಲಿ ನಿಂತಿತು. ಇಬ್ಬರಿಗೂ ಪೆಟ್ಟಿಲ್ಲ. 38 ಕ್ರೇಟು ಟೊಮೆಟೊ ರಸ್ತೆಯ ಮೇಲೆ. ಸ್ಥಳೀಯರು ಬಂದು ಕೈ ಕೊಟ್ಟರು.

ಅಲ್ಲಿಂದ ಹತ್ತು ಹದಿನೈದು ಕಿ.ಮೀ. ಮುಂದೆ ಲಕ್ಕಿಡಿ. ಆಮೇಲೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು. ಆ ರೆಪ್ಪೆ ಅರ್ಧ ಗಂಟೆ ತಡವಾಗಿ ಮುಚ್ಚಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಬೆಳಿಗ್ಗೆ ಡ್ರೈವರು ಒಂದು ಮಾತು ಹೇಳಿದ: "ನಿದ್ದೆ ಬತ್ತಾದೆ ಅಂದ್ರೆ ಬೈತೀರ ಅಂದ್ಕಂಡೆ ಕಣಣ್ಣ." ಟೊಮೆಟೊ ನಷ್ಟಕ್ಕಿಂತ ಈ ಮಾತು ನನ್ನನ್ನು ಚುಚ್ಚಿತು.

ನಿದ್ದೆಯ ಲೆಕ್ಕ

ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈ ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಕಾನೂನಿನ ಮಿತಿ ಶೇ. 0.03. ಐದಕ್ಕೆ ಎದ್ದ ನಮ್ಮ ಡ್ರೈವರು ರಾತ್ರಿ ಹತ್ತಕ್ಕೇ ಈ ಗೆರೆ ದಾಟಿದ್ದ. ಕುಡಿದವನ ಕೈಗೆ ನಾವು ಕೀ ಕೊಡುವುದಿಲ್ಲ. ನಿದ್ದೆಗೆಟ್ಟವನ ಕೈಗೆ ಕೊಟ್ಟು ಬೇಗ ಹೋಗು ಅಂತೀವಿ. ನಡುರಾತ್ರಿ ಕಳೆದು ಎರಡರಿಂದ ಐದರವರೆಗೆ ದೇಹ ತಾನಾಗಿಯೇ ನಿದ್ದೆ ಕೇಳುತ್ತದೆ. ನಮ್ಮ ಲೋಡುಗಳು ಊರು ಸೇರುವುದೂ ಆಗಲೇ.

ನಿಯಮ ಹೊಸದೇನಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆ ಆದೊಡನೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿತ್ತು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಲಾರಿ ಡ್ರೈವರು 45 ನಿಮಿಷ ಬಿಡುವು ತಗೊಳ್ಳಲೇಬೇಕು. ಓಡಿದ ಹೊತ್ತು, ನಿಂತ ಹೊತ್ತು ಬರೆದಿಡುವ ಯಂತ್ರ ಲಾರಿಯಲ್ಲೇ ಇರುತ್ತದೆ. ನಮ್ಮ ಕ್ಯಾಂಟರಿನಲ್ಲಿ ಅದಿಲ್ಲ. ಆದರೆ ಜೇಬಿನಲ್ಲಿ ಫೋನಿದೆ. ಅದನ್ನೇ ಸರಿಯಾಗಿ ಬಳಸಬಾರದೇಕೆ ಅನ್ನಿಸಿತು.

ಹಿಂದಿನಿಂದ ಲೆಕ್ಕ ಹಾಕಿ

ಮೊದಲು ನಾನು ಲೋಡು ಮುಗಿದ ಮೇಲೆ ಫೋನು ತೆಗೆಯುತ್ತಿದ್ದೆ. ಈಗ ಹಿಂದಿನ ದಿನವೇ ತೆಗೆಯುತ್ತೇನೆ. ಗೇಟಿನಿಂದ ಹಿಂದಕ್ಕೆ ಎಣಿಸುತ್ತೇನೆ.

ಗೇಟು ಮುಚ್ಚುವುದು 9ಕ್ಕೆ. ನಮ್ಮ ಮನೆಯ ನಿಯಮ, ಮದ್ದೂರಿನಲ್ಲಿ 8ಕ್ಕೆ ಇರಬೇಕು. ಫೋನು ಹೇಳುವ 34 ನಿಮಿಷವನ್ನು ಒಂದೂವರೆ ಪಾಲು ಮಾಡುತ್ತೇನೆ, 50 ನಿಮಿಷ. ಸಾಮಾನ್ಯ ನಕ್ಷೆ ಆಪ್ ಲೆಕ್ಕ ಹಾಕುವುದು ಕಾರಿನ ವೇಗಕ್ಕೆ, ನಮ್ಮ ಲೋಡಿಗಲ್ಲ. ಅಂದರೆ ಹೊಲ ಬಿಡುವುದು 7ಕ್ಕೆ. ತೂಕ, ಲೋಡು, ಟಾರ್ಪಾಲಿಗೆ ಎರಡು ಗಂಟೆ. ಅಂದರೆ 5ಕ್ಕೆ ಕ್ರೇಟು ತುಂಬಿ ಸಿದ್ಧ ಇರಬೇಕು. ಹಾಗಾದರೆ ಬಿಡಿಸುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಬೇಕು, ಖಾಲಿ ಕ್ರೇಟು ಹಿಂದಿನ ಸಂಜೆಯೇ ಬಂದಿರಬೇಕು.

ಲೋಡು ಇರುವ ದಿನ ಮಧ್ಯಾಹ್ನ ಒಂದರಿಂದ ನಾಲ್ಕು ಡ್ರೈವರು ಮಲಗಬೇಕು. ಆ ಹೊತ್ತು ಅವನಿಗೆ ಬೇರೆ ಕೆಲಸ ಹೇಳುವಂತಿಲ್ಲ. ಟ್ರಾಕ್ಟರಂತೂ ಬೇಡವೇ ಬೇಡ.

ಗೇಟಿನ ಆಚೆ ನಮ್ಮ ವೇಳಾಪಟ್ಟಿ ಹೀಗೆ:

ರಾತ್ರಿ 8: ಮದ್ದೂರು. ಇಲ್ಲಿಂದ ಬಂಡೀಪುರದೊಳಗೆ ಸುಮಾರು 20 ಕಿ.ಮೀ., ಮುಂದೆ ಮುತ್ತಂಗದ ಕಾಡು. ಹಂಪುಗಳು ಬಹಳ. ನಿಲ್ಲಿಸುವಂತಿಲ್ಲ.
9.30: ಬತ್ತೇರಿ. ಊಟ, ಮುಕ್ಕಾಲು ಗಂಟೆ ಬಿಡುವು.
10.15ರಿಂದ 11.45: ಕಲ್ಪೆಟ್ಟ, ವೈತ್ತಿರಿ ದಾಟಿ ಲಕ್ಕಿಡಿ. ಘಾಟಿ ಇಳಿಯುವ ಮುಂಚೆ ಅರ್ಧ ಗಂಟೆ. ಬ್ರೇಕು, ಟಯರು ನೋಡಿ ಒಂದು ಗಳಿಗೆ ಕಣ್ಣು ಮುಚ್ಚುವುದು.
12.15ರಿಂದ 2.15: ಘಾಟಿ ಇಳಿದು ಕ್ಯಾಲಿಕಟ್. ಇಳಿಸುವವರು ಬರುವವರೆಗೆ ನಿದ್ದೆ.

ಲೆಕ್ಕ ನೋಡಿ. ಎರಡು ಸಲ ನಿಂತೂ ಮಾರುಕಟ್ಟೆಗೆ ಮುಂಚೆಯೇ ತಲುಪುತ್ತೇವೆ. ಅಂದು ಬತ್ತೇರಿಯಲ್ಲಿ ನಾನು ಉಳಿಸಹೊರಟ ಮುಕ್ಕಾಲು ಗಂಟೆ ಯಾರಿಗೂ ಬೇಡದ ಮುಕ್ಕಾಲು ಗಂಟೆ. ತಡವಾದದ್ದು ರಸ್ತೆಯಲ್ಲಲ್ಲ, ನನ್ನ ಹೊಲದಲ್ಲಿ. ಅದನ್ನು ಡ್ರೈವರ ನಿದ್ದೆಯಿಂದ ತುಂಬಿಸಲು ನೋಡಿದೆ.

ಫೋನಿನಲ್ಲಿ ಮಾಡುವುದೇನು?

1. ಹೊರಡುವ ಹೊತ್ತನ್ನು ತುಂಬಿ. ಈಗಿನ ಹೊತ್ತಿಗೆ ಕೇಳಿದರೆ ಈಗಿನ ಉತ್ತರ. ನಾಳೆ ಸಂಜೆ ಏಳಕ್ಕೆ ಎಂದು ಹಾಕಿದರೆ ಆ ಹೊತ್ತಿನ ಅಂದಾಜು ಸಿಗುತ್ತದೆ.

2. ನಡುವಿನ ನಿಲುಗಡೆಗಳನ್ನು ಸೇರಿಸಿ. ಬತ್ತೇರಿ, ಲಕ್ಕಿಡಿ ಎರಡನ್ನೂ ನಾವು ಹಾಕುತ್ತೇವೆ. ನಿಲ್ಲುವ ಹೊತ್ತನ್ನು ಆಪ್ ಲೆಕ್ಕಕ್ಕೆ ಹಿಡಿಯದಿದ್ದರೆ ನೀವೇ ಕೂಡಿಸಿ. ಎರಡು ಜಾಗಕ್ಕೂ ಅಲಾರಾಂ ಇಟ್ಟುಬಿಡಿ. ಮಾಲೀಕ ಮರೆತರೂ ಫೋನು ನೆನಪಿಸುತ್ತದೆ.

3. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಕಾಡಿನಲ್ಲಿ ಸಿಗ್ನಲ್ ಇಲ್ಲದ ಕಡೆಯೂ ಗಾಡಿ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ. ಜಾಗ ಗುರುತಿಸಲು ಫೋನಿಗೆ ಉಪಗ್ರಹ ಸಾಕು, ಟವರು ಬೇಕಿಲ್ಲ. ರಸ್ತೆ ಬಂದ್ ಆದ ಸುದ್ದಿ ಬರಲು ಮಾತ್ರ ಟವರು ಬೇಕು.

4. ಗಾಡಿ ಇರುವ ಜಾಗವನ್ನು ಮನೆಯ ಫೋನಿಗೆ ಕಾಣುವಂತೆ ಮಾಡಿ. ಪದೇ ಪದೇ "ಎಲ್ಲಿದ್ದೀಯ?" ಎಂದು ಕರೆ ಮಾಡಬೇಕಿಲ್ಲ. ಓಡಿಸುವವನಿಗೆ ಮಾಲೀಕನ ಕರೆಯೂ ಒಂದು ಅಪಾಯವೇ.

5. ಮಳೆಗಾಲದಲ್ಲಿ ನಕ್ಷೆ ಒಂದನ್ನೇ ನಂಬಬೇಡಿ. 2025ರ ಆಗಸ್ಟಿನಲ್ಲಿ, ಓಣಂಗೆ ಸ್ವಲ್ಪ ಮುಂಚೆ, ಲಕ್ಕಿಡಿ ಬಳಿ ಗುಡ್ಡ ಕುಸಿದು ಘಾಟಿ ಬಂದ್ ಆಗಿತ್ತು. ಬತ್ತೇರಿಯಲ್ಲಿ ಊಟದ ಹೊತ್ತಿಗೆ ಎದುರಿನಿಂದ ಬಂದ ಡ್ರೈವರುಗಳನ್ನು ಕೇಳುವುದು ಇಂದಿಗೂ ಒಳ್ಳೇ ಉಪಾಯ.

ಲಾರಿಗೆಂದೇ ಮಾಡಿದ ಆಪ್‌ಗಳೂ ಇವೆ. ಗಾಡಿಯ ತೂಕ, ಎತ್ತರ ತುಂಬಿದರೆ ಅದಕ್ಕೆ ತಕ್ಕ ದಾರಿ ಕೊಡುತ್ತವೆ. ದೂರದ ಊರಿಗೆ ಅವು ಬೇಕಾದೀತು. ನಮ್ಮ 150 ಕಿ.ಮೀ.ಗೆ ಮೇಲಿನದಿಷ್ಟೇ ಸಾಕಾಗಿದೆ.

ಗೇಟು ತಪ್ಪಿದರೆ?

ಎಷ್ಟು ಲೆಕ್ಕ ಹಾಕಿದರೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಫೋನು ಬೇರೆ ದಾರಿ ತೋರಿಸಬಹುದು. ಮೈಸೂರಿಗೆ ವಾಪಸಾಗಿ ಎಚ್.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿ ಎಂದರೆ ಹೊರಡಬೇಡಿ. ನಾಗರಹೊಳೆ ಕಾಡಿನ ಆ ರಸ್ತೆ ಸಂಜೆ 6ಕ್ಕೇ ಬಂದ್. ರಾತ್ರಿ ತೆರೆದಿರುವುದು ಹುಣಸೂರು, ಗೋಣಿಕೊಪ್ಪ, ಕುಟ್ಟ ದಾರಿ. ಅದು ದೂರದ ಸುತ್ತು. ಹಗಲೆಲ್ಲ ದುಡಿದ ಒಬ್ಬನೇ ಡ್ರೈವರಿಗೆ ಅದನ್ನು ಹೊರಿಸುವುದು ಅನ್ಯಾಯ.

ನಾವು ಮಾಡುವುದು ಇಷ್ಟೇ. ಎಂಟೂವರೆಗೂ ಗುಂಡ್ಲುಪೇಟೆ ದಾಟದಿದ್ದರೆ ಪ್ರಯಾಣ ರದ್ದು. ಗಾಡಿ ಮನೆಗೆ ವಾಪಸ್. ಟಾರ್ಪಾಲು ಸಡಿಲಿಸಿ ಗಾಳಿಯಾಡಲು ಬಿಡುತ್ತೇವೆ. ಡ್ರೈವರು ಮಲಗುತ್ತಾನೆ. ಬೆಳಿಗ್ಗೆ ತೆರಕಣಾಂಬಿ ಮಾರುಕಟ್ಟೆಗೆ ಹಾಕುತ್ತೇವೆ. ದರದಲ್ಲಿ ಸ್ವಲ್ಪ ಪೆಟ್ಟು ಬೀಳುತ್ತದೆ, ನಿಜ. ಕಳೆದ ವರ್ಷ ಹೀಗೆ ನಾಲ್ಕು ಸಲ ಆಯಿತು. ನಾಲ್ಕೂ ಸಲದ ನಷ್ಟ ಕೂಡಿಸಿದರೂ ಆ ಒಂದು ರಾತ್ರಿಯ ಕ್ರೇನ್ ಬಾಡಿಗೆ, ರಿಪೇರಿ ಖರ್ಚಿಗೆ ಸಮ ಆಗಲಿಲ್ಲ.

ಕೊನೆಗೊಂದು ನೋಟ್‌ಬುಕ್

ಕ್ಯಾಬಿನಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಲೋಡು ಶುರು, ಲೋಡು ಮುಗಿದದ್ದು, ಮದ್ದೂರು, ಬತ್ತೇರಿ, ಲಕ್ಕಿಡಿ, ಕ್ಯಾಲಿಕಟ್, ಇಷ್ಟರ ಹೊತ್ತು ಡ್ರೈವರು ಬರೆಯುತ್ತಾನೆ. ಆರು ತಿಂಗಳ ಪುಟ ತಿರುವಿದಾಗ ಒಂದು ಸಂಗತಿ ಕಂಡಿತು. ರಸ್ತೆಯ ಹೊತ್ತು ಹೆಚ್ಚುಕಮ್ಮಿ ಪ್ರತಿ ಸಲವೂ ಒಂದೇ. ಏರುಪೇರಾಗಿದ್ದು ಲೋಡಿನ ಹೊತ್ತು ಮಾತ್ರ, ಅಂದರೆ ನಮ್ಮದು.

ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನು ಕೈಯಾರೆ ಬರೆದಿದ್ದೇನೆ: "ನಿದ್ದೆ ಬಂದರೆ ನಿಲ್ಲಿಸು. ಬೈಯುವುದಿಲ್ಲ." ಈಚೆಗೆ ಒಂದು ರಾತ್ರಿ ಕಲ್ಪೆಟ್ಟದಿಂದ ಅವನ ಫೋನು ಬಂತು. "ಅಣ್ಣ, ಅರ್ಧ ಗಂಟೆ ಮಲಗ್ತೀನಿ." ಮಲಗಪ್ಪ ಅಂದೆ. ನಾನೂ ಮಲಗಿದೆ. ಟೊಮೆಟೊ ಹೊತ್ತಿಗೆ ಸರಿಯಾಗಿ ತಲುಪಿತು.

ನಿಮ್ಮ ಕಡೆ ಕಾಡಿಲ್ಲದಿರಬಹುದು, ಗೇಟಿಲ್ಲದಿರಬಹುದು. ಹರಾಜಿನ ಹೊತ್ತು, ಹಾಲಿನ ವ್ಯಾನಿನ ಹೊತ್ತು, ಏನೋ ಒಂದು ಇದ್ದೇ ಇರುತ್ತದೆ. ಅದಕ್ಕೆ ಡ್ರೈವರನ್ನು ಓಡಿಸುವ ಮುಂಚೆ ಒಂದು ತಿಂಗಳು ನಿಮ್ಮ ಲೋಡಿನ ಹೊತ್ತು ಬರೆದು ನೋಡಿ. ಏನು ಕಂಡಿತು ಎಂದು ಪತ್ರಿಕೆಗೆ ಬರೆಯಿರಿ.