ಯಾದೃಚ್ಛಿಕಾಭಾಸ ಸಂಖ್ಯೆಗಳೂ ಛಂದಶ್ಶಾಸ್ತ್ರದ ನಷ್ಟವಿಧಿಯೂ

ಉರುಳಿಸಿದ ದಾಳದಲ್ಲಿ ಬೀಳುವ ಅಂಕವನ್ನು ಮುಂಚಿತವಾಗಿ ಹೇಳಲಾಗದು, ಅದು ಯಾದೃಚ್ಛಿಕ. ಗಣಕಯಂತ್ರವಾದರೋ ಕೊಟ್ಟ ವಿಧಿಯನ್ನು ಚಾಚೂ ತಪ್ಪದೆ ನಡೆಸತಕ್ಕದ್ದು. ಆದಕಾರಣ ಅದರಿಂದ ಹೊರಡುವ ಸಂಖ್ಯೆಗಳು, ಹೇತುವಿನಂತೆ ತೋರುವುದು ಹೇತ್ವಾಭಾಸವೆನಿಸುವಂತೆ, ಯಾದೃಚ್ಛಿಕಾಭಾಸಗಳು. ದೊಡ್ಡ ಕಾವ್ಯವೊಂದರಿಂದ ಪಕ್ಷಪಾತವಿಲ್ಲದೆ ಕೆಲವು ಪದ್ಯಗಳನ್ನಾರಿಸಿ ಪರೀಕ್ಷಿಸಬಯಸುವವರು ಇವನ್ನೇ ನೆಚ್ಚಬೇಕಾಗುವುದರಿಂದ ಇವುಗಳ ಸ್ವರೂಪವು ಸಾಹಿತ್ಯಾಭ್ಯಾಸಿಗಳಿಗೂ ವಿಚಾರಣೀಯವಾಗಿದೆ.

ವಿಧಿಗಳಲ್ಲಿ ಸರಳವಾದುದು ಇದು: ಹಿಂದಿನ ಸಂಖ್ಯೆಯನ್ನು ಗುಣಕದಿಂದ ಗುಣಿಸಿ, ಕ್ಷೇಪವನ್ನು ಕೂಡಿಸಿ, ಹಾರದಿಂದ ಭಾಗಿಸಿದರೆ ಉಳಿಯುವ ಶೇಷವೇ ಮುಂದಿನ ಸಂಖ್ಯೆ. ಮೊದಲನೆಯದಕ್ಕೆ ಬೀಜವೆಂದು ಹೆಸರು. ಕ್ಷೇಪವಿಲ್ಲದ ರೂಪವನ್ನು ಅಮೆರಿಕೆಯ ಗಣಿತಜ್ಞ ಲೆಹ್ಮರನು 1949ರಲ್ಲಿ ಪ್ರತಿಪಾದಿಸಿದನು.

ಹೆಸರೊಂದನ್ನು ಸಂಖ್ಯೆಯಾಗಿಸಿ ಬೀಜವಿಡುವುದುಂಟು. ಭೈರವೇಶ್ವರ, ಮೋಹಿನೀ ಎಂಬ ಕರಿಯ ಶಿಲಾಶಿಖರಗಳಿಂದ ಪ್ರಸಿದ್ಧವಾದ ಕುಮಟಾ ತಾಲ್ಲೂಕಿನ ‘ಯಾಣ’ವನ್ನೇ ತೆಗೆದುಕೊಳ್ಳಬಹುದು. ಕಟಪಯಾದಿಯಲ್ಲಿ ಯಕಾರಕ್ಕೆ 1, ಣಕಾರಕ್ಕೆ 5. ಅಂಕಗಳಿಗೆ ವಾಮಗತಿಯಿರುವುದರಿಂದ 51. ಗುಣಕ 5, ಕ್ಷೇಪ 3, ಹಾರ 16 ಆಗಲಿ. 51ನ್ನು ಹಾರದಿಂದ ಭಾಗಿಸಿದ ಶೇಷ 3. ಅಲ್ಲಿಂದ 3, 2, 13, 4, 7, 6, 1, 8, 11, 10, 5, 12, 15, 14, 9, 0. ಬಳಿಕ ಪುನಃ 3. ಹದಿನಾರು ಶೇಷಗಳೂ ಒಂದೊಂದು ಸಲ ಬಂದು ಆವೃತ್ತಿಯು ಪೂರ್ಣವಾಗುತ್ತದೆ.

ಈ ಸಾಲಿನ ದೋಷವನ್ನು ನಾಗವರ್ಮನ ಛಂದೋಂಬುಧಿಯು ಹೇಳುವ ಷಟ್ಪ್ರತ್ಯಯಗಳಲ್ಲೊಂದಾದ ನಷ್ಟವು ಹೊರಗೆಡಹುತ್ತದೆ. ಪ್ರಸ್ತಾರದ ಸಾಲಿನ ಸಂಖ್ಯೆ ಸಮವಾದರೆ ಲಘುವನ್ನಿಟ್ಟು ಅರ್ಧಿಸುವುದು. ವಿಷಮವಾದರೆ ಗುರುವನ್ನಿಟ್ಟು, ಒಂದು ಕೂಡಿಸಿ ಅರ್ಧಿಸುವುದು. ಅಕ್ಷರಗಳು ಮುಗಿಯುವವರೆಗೆ ಹೀಗೆಯೇ. ನಾಲ್ಕಕ್ಷರದ ಪ್ರಸ್ತಾರಕ್ಕೆ 16 ಸಾಲು. ಸೊನ್ನೆಯನ್ನು 16ನೆಯದೆಂದು ಎಣಿಸತಕ್ಕದ್ದು. ಆಗ 3ನೆಯದು ಗುರು-ಲಘು-ಗುರು-ಗುರು, 2ನೆಯದು ಲಘು-ಗುರು-ಗುರು-ಗುರು, 13ನೆಯದು ಗುರು-ಗುರು-ಲಘು-ಲಘು, 4ನೆಯದು ಲಘು-ಲಘು-ಗುರು-ಗುರು. ಮೇಲುನೋಟಕ್ಕೆ ಕ್ರಮವಿಲ್ಲ. ಆದರೆ ಮೊದಲಕ್ಷರವನ್ನಷ್ಟೇ ನೋಡಿದರೆ ಗುರು, ಲಘು, ಗುರು, ಲಘು ಎಂದು ಕಡೆಯವರೆಗೂ ತಪ್ಪದ ಸರದಿ! ಗುಣಕವೂ ಕ್ಷೇಪವೂ ವಿಷಮ, ಹಾರವು ಸಮ. ಆದುದರಿಂದ ವಿಷಮದಿಂದ ಸಮವೂ ಸಮದಿಂದ ವಿಷಮವೂ ಹುಟ್ಟಲೇಬೇಕು. ಹಾರವನ್ನು ಎರಡರ ಎಷ್ಟೇ ದೊಡ್ಡ ಘಾತವಾಗಿಸಿದರೂ ಈ ದೋಷ ಹೋಗದು. ಇಂತಹ ಸಾಲಿನಿಂದ ಪದ್ಯಗಳನ್ನಾರಿಸಿದವನು ತನ್ನ ಯಂತ್ರದ ಲಯವನ್ನೇ ಕವಿಯ ಲಯವೆಂದು ಭ್ರಮಿಸಬಹುದು. ದೊಡ್ಡ ಹಾರವನ್ನಿಟ್ಟು, ಸಂಖ್ಯೆಯ ಕೆಳಗಣ ಭಾಗವನ್ನು ಬಿಟ್ಟು ಮೇಲಣ ಭಾಗವನ್ನು ಬಳಸುವುದು ಇದಕ್ಕೊಂದು ಪರಿಹಾರ.

ಬೀಜದ ವಿಷಯದಲ್ಲಿಯೂ ಎಚ್ಚರ ಬೇಕು. ಬೀಜವನ್ನು ಆರಂಭದಲ್ಲಿ ಒಮ್ಮೆ ಮಾತ್ರ ಇಡತಕ್ಕದ್ದು. ಪ್ರತಿ ಸಂಖ್ಯೆಗೂ ಮುನ್ನ ಅದನ್ನೇ ಮತ್ತೆ ಇಟ್ಟರೆ ಮೊದಲ ಸಂಖ್ಯೆಯೇ ಮರಳಿ ಬರುತ್ತದೆ. ದಿನದ ವೇಳೆಯನ್ನು ಸೆಕೆಂಡುಗಳಲ್ಲಿ ಎಣಿಸಿ ಬೀಜವಾಗಿಸಿದರೆ, ಊಹಿಸುವವನು ಹೆಚ್ಚೆಂದರೆ 86,400 ಬೀಜಗಳನ್ನು ಪರೀಕ್ಷಿಸಿದರೆ ಸಾಕು. ಆವೃತ್ತಿಯ ದೀರ್ಘತೆಯೂ ಗೋಪ್ಯತೆಗೆ ಪ್ರಮಾಣವಲ್ಲ. 1998ರಲ್ಲಿ ಪ್ರಕಟವಾದ ಮೆರ್ಸೆನ್ ಟ್ವಿಸ್ಟರ್ ವಿಧಿಯ ಆವೃತ್ತಿಯು ಎರಡರ 19937ನೆಯ ಘಾತಕ್ಕೆ ಒಂದು ಕಡಮೆ. ಆದರೂ ಅದರ 32 ಬಿಟ್ಟುಗಳ ರೂಪದಲ್ಲಿ ಒಂದರ ಹಿಂದೊಂದು ಬಂದ 624 ಸಂಖ್ಯೆಗಳು ದೊರೆತರೆ ಮುಂದಿನವೆಲ್ಲವನ್ನೂ ಗಣಿಸಬಹುದು.

ಆದಕಾರಣ ಪ್ರಯೋಜನಭೇದದಿಂದ ಬೀಜಭೇದವನ್ನು ಅರಿಯತಕ್ಕದ್ದು. ಸಂಶೋಧನೆಯಲ್ಲಿ ವಿಧಿಯೊಡನೆ ಬೀಜವನ್ನೂ ಪ್ರಕಟಿಸಬೇಕು. ಆಗ ಬೇರೊಬ್ಬ ವಿದ್ವಾಂಸನು ಅವೇ ಪದ್ಯಗಳನ್ನು ತೆಗೆದು ನಿರ್ಣಯವನ್ನು ಪರೀಕ್ಷಿಸಬಲ್ಲನು. ಅಲ್ಲಿ ‘ಯಾಣ’ವು ಸಲ್ಲುವ ಬೀಜವೇ. ಗುಟ್ಟನ್ನು ಕಾಯುವಲ್ಲಿ ಮಾತ್ರ ಅದು ಸಲ್ಲದು. ಅಲ್ಲಿಗೆ ಗೋಪ್ಯತೆಗೆಂದೇ ರಚಿತವಾದ ವಿಧಿಯೂ, ಯಾರ ಊಹೆಗೂ ನಿಲುಕದ ಬೀಜವೂ ಬೇಕು.