ಮಂಗಳೂರು ಸ್ಟೇಷನ್ನು ಮತ್ತು ನಮ್ಮ ಘಟ್ಟ

ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಹಿರಿಯ ಸದಸ್ಯರೊಬ್ಬರು ನಮ್ಮನ್ನು ತರಾಟೆಗೆ ತೆಗೆದುಕೊಂಡರು. "ಕಾರ್ಯದರ್ಶಿಗಳೇ, ನೀವು ಓದಿದವರು, ಹೇಳಿ ನೋಡೋಣ. ಮುಂಬಯಿಯಿಂದ ಕೇರಳಕ್ಕೆ ಹೋಗುವ ಗಾಡಿಗಳು ಮಂಗಳೂರಿನ ಪೇಟೆ ಸ್ಟೇಷನ್ನಿಗೆ ಬಾರದೆ ಹೊರಗಿಂದ ಹೊರಗೇ ಹಾದು ಹೋಗುತ್ತವಲ್ಲ, ಅದೇಕೆ? ಮಗನ ಮನೆಯಿಂದ ಬರುವಾಗ ಸರಿರಾತ್ರಿ ಜಂಕ್ಷನ್ನಿನಲ್ಲಿ ಇಳಿದು ಪಡಬಾರದ ಪಾಡು ಪಟ್ಟೆ" ಎಂದರು. ಅಷ್ಟರಲ್ಲಿ ಪಾಯಸ ಬಂದುದರಿಂದ ನಮ್ಮ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಆ ಸದಸ್ಯರೊಬ್ಬರ ಪ್ರಶ್ನೆಯೂ ಅಲ್ಲ.

ಪಶ್ಚಿಮ ಕರಾವಳಿಯಲ್ಲಿ ಮದರಾಸು ರೈಲ್ವೆಯವರು ಮೊದಲ ಹಳಿ ಹಾಕಿದ್ದು 1861ರಲ್ಲಿ, ಬೇಪೂರಿನ ಎದುರು ದಡದ ಚಾಲಿಯಂನಿಂದ ತಿರೂರಿಗೆ. ಅದು ಕಲ್ಲಿಕೋಟೆ ಮುಟ್ಟಿದ್ದು 1888ರಲ್ಲಿ. ಅಲ್ಲಿಂದ ಮಂಗಳೂರಿಗೆ ಬರಲು ಮತ್ತೆ ಹತ್ತೊಂಬತ್ತು ವರ್ಷ ಬೇಕಾಯಿತು. ಕರಾವಳಿಯ ನಕ್ಷೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ವಳಪಟ್ಟಣಂ, ಚಂದ್ರಗಿರಿ ಎಂದು ಹೊಳೆಯ ಮೇಲೆ ಹೊಳೆ, ಕೊನೆಗೆ ನೇತ್ರಾವತಿ. ಅದನ್ನೂ ದಾಟಿ, ಜೆಪ್ಪು ಕಡೆಯಿಂದ ಪೇಟೆಯೊಳಕ್ಕೆ ಬಂದು, 1907ರಲ್ಲಿ ರೈಲು ನಿಂತಿತು. ಮರುವರ್ಷ ಈ ದಾರಿ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು.

'ನಿಂತಿತು' ಎಂಬ ಮಾತನ್ನು ವಾಚಕರು ಗಮನಿಸಬೇಕು. ದಕ್ಷಿಣದಿಂದ ಬಂದ ಹಳಿಗೆ ಮುಂದೆ ಹೋಗುವ ಉದ್ದೇಶವೇ ಇರಲಿಲ್ಲ. ಎಡಕ್ಕೆ ಸಮುದ್ರ, ಉತ್ತರಕ್ಕೆ ಮತ್ತೆ ಹೊಳೆಗಳು, ಮೂಡಲಿಗೆ ಘಟ್ಟ. ಘಟ್ಟದ ಮೇಲಿನ ನಮ್ಮ ಸೀಮೆ ಮೈಸೂರು ಮಹಾರಾಜರದು, ಕೆಳಗಿನ ಜಿಲ್ಲೆ ಮದರಾಸು ಸರ್ಕಾರದ್ದು. ಅರಸೀಕೆರೆಯಿಂದ ಮಂಗಳೂರಿಗೆ ರೈಲು ಹಾಕುವ ಮಾತು ಬ್ರಿಟಿಷರ ಕಾಲದಲ್ಲೇ ಇತ್ತು. ಆದರೆ ಎರಡು ಸರ್ಕಾರಗಳ ಗಡಿಯಲ್ಲಿ, ಅದರಲ್ಲೂ ಇಂಥ ಘಟ್ಟದಲ್ಲಿ, ಹಣ ಸುರಿಯುವವರು ಯಾರು? ಹೀಗಾಗಿ ಮಂಗಳೂರು ಒಂದೇ ಬಾಯಿಯ ಚೀಲದಂತೆ ಉಳಿಯಿತು.

ಇದರ ಫಲ ಏನಾಯಿತೆಂದರೆ, ಬೆಂಗಳೂರಿನಿಂದ ರೈಲಿನಲ್ಲೇ ಮಂಗಳೂರಿಗೆ ಹೋಗಬೇಕೆನ್ನುವವನು ಜೋಲಾರಪೇಟೆ, ಸೇಲಂ, ಪಾಲಕ್ಕಾಡು, ಶೊರನೂರು, ಕಲ್ಲಿಕೋಟೆ ಎಲ್ಲ ಸುತ್ತಿ ಬರಬೇಕಿತ್ತು. ಸುತ್ತಿ ಬಳಸಿ ಮೂಗು ಹಿಡಿಯುವುದೆಂದರೆ ಇದೇ. 1956ರಲ್ಲಿ ರಾಜ್ಯ ಒಂದಾದ ಮೇಲೂ ಎರಡು ದಶಕ ಇದೇ ಪಾಡು. ನಮ್ಮ ಅಜ್ಜನ ಕಾಲದವರಿಗೆ ಮಂಗಳೂರು ಎಂದರೆ ಗಾಡಿ ಎತ್ತು, ಆಮೇಲೆ ಲಾರಿ. ಮಂಜರಾಬಾದಿನ ಕಾಫಿ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಕಾಫಿಗೂ ಕಡಲಿಗೂ ನಂಟು ಹಳೆಯದು. ಕಾಫಿಗೂ ರೈಲಿಗೂ ಆ ನಂಟು ಕೂಡಿ ಬರಲಿಲ್ಲ.

ಕೊನೆಗೆ ಘಟ್ಟಕ್ಕೆ ರೈಲು ತಂದದ್ದು ನಮ್ಮ ಕಾಫಿಯೂ ಅಲ್ಲ, ಅಡಿಕೆಯೂ ಅಲ್ಲ. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಬಂತು, ಅದಕ್ಕೆ ಒಳನಾಡಿನಿಂದ ಅದಿರು ತರುವ ದಾರಿ ಬೇಕಾಯಿತು. 1960ರ ದಶಕದಲ್ಲಿ ಹಾಸನ–ಮಂಗಳೂರು ಮಾರ್ಗದ ಕೆಲಸ ಹಿಡಿದರು, ಮುಗಿದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಮೇಲ್ಪಟ್ಟು ಸೇತುವೆ. ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಯುವ ಇಳಿಜಾರು. ಅದಿರಿನ ನೆಪದಲ್ಲಿ ನಮಗೂ ದಾರಿಯಾಯಿತು.

ಅದು ಮೀಟರ್ ಗೇಜು. ಕೇರಳದ ಕಡೆಯದು ಬ್ರಾಡ್ ಗೇಜು. ಮಂಗಳೂರಿನ ಒಂದೇ ಸ್ಟೇಷನ್ನಿನಲ್ಲಿ ಎರಡು ಅಳತೆಯ ಹಳಿ, ದೊಡ್ಡಣ್ಣನೂ ಚಿಕ್ಕತಮ್ಮನೂ ಪಕ್ಕಪಕ್ಕ ನಿಂತ ಹಾಗೆ. ನಾವು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಈ ಚಿಕ್ಕ ರೈಲೇ ನಮ್ಮದು. ಶನಿವಾರ ಹೊರಟರೆ ಎಡಕುಮರಿ ಹೊತ್ತಿಗೆ ಮೈಗೆ ತಣ್ಣನೆ ಗಾಳಿ ತಾಗುತ್ತಿತ್ತು. ಸುರಂಗದೊಳಗೆ ಡೀಸೆಲ್ ಹೊಗೆ ತುಂಬಿ ಎಲ್ಲರೂ ಕಿಟಕಿ ಎಳೆದುಕೊಳ್ಳುತ್ತಿದ್ದೆವು. ದೊಡ್ಡ ಗಾಡಿಯ ಮದರಾಸಿನ ಪ್ರಯಾಣಿಕರು ನಮ್ಮ ಡಬ್ಬಿಗಳನ್ನು ಆಟದ ಸಾಮಾನಿನಂತೆ ನೋಡುತ್ತಿದ್ದರು. ನಮಗೆ ಅದರ ಬಗ್ಗೆ ಬೇಜಾರಿರಲಿಲ್ಲ.

ಈ ಸುಖ ಹದಿನೇಳು ವರ್ಷದ್ದು. 1996ರಲ್ಲಿ ಗೇಜು ಬದಲಿಸಲೆಂದು ಘಟ್ಟದ ದಾರಿ ಮುಚ್ಚಿದರು. ಹಳಿ ಅಗಲ ಮಾಡುವುದೆಂದರೆ ಸುರಂಗಗಳನ್ನೂ ಸೇತುವೆಗಳನ್ನೂ ಮತ್ತೆ ಮುಟ್ಟಬೇಕು. ಸರಕು ಗಾಡಿ ಓಡಿದ್ದು 2006ರಲ್ಲಿ, ಜನರ ಗಾಡಿ 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಒಂದು ಅಡಿಕೆ ಸಸಿ ನೆಟ್ಟು ಫಸಲು ನೋಡಿ, ಆಮೇಲೂ ನಾಲ್ಕಾರು ಕೊಯ್ಲು ಮುಗಿಸುವಷ್ಟು ಕಾಲ. ಅಷ್ಟೂ ವರ್ಷ ಶಿರಾಡಿ ರಸ್ತೆಯ ಹೊಂಡಗಳೇ ಗತಿ.

ಈ ನಡುವೆ ಉತ್ತರದ ಬಾಗಿಲು ತೆರೆಯಿತು. ಕೊಂಕಣ ರೈಲ್ವೆ 1993ರಲ್ಲಿ ಉಡುಪಿಯವರೆಗೆ, 1998ರಲ್ಲಿ ಪೂರ್ತಿ ಓಡಿತು. ರೋಹಾದಿಂದ ತೋಕೂರಿಗೆ 741 ಕಿಲೋಮೀಟರು. ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಉತ್ತರದ ಹಳಿಯೂ ಹಾಸನದ ಹಳಿಯೂ ಪಡೀಲು–ಕಂಕನಾಡಿ ಆಸುಪಾಸಿನಲ್ಲಿ ಕೂಡುತ್ತವೆ. ಅಲ್ಲಿಂದ ಒಂದು ಕವಲು ಪೇಟೆಗೆ, ಇನ್ನೊಂದು ನೇರ ನೇತ್ರಾವತಿ ಸೇತುವೆಗೆ. ಪೇಟೆ ಸ್ಟೇಷನ್ನು 1907ರಲ್ಲಿ ಹೇಗೆ ಕೊನೆಯಾಗಿ ನಿಂತಿತೋ ಇಂದಿಗೂ ಹಾಗೇ ಕೊನೆ. ಒಳಗೆ ಹೋದ ಗಾಡಿ ಎಂಜಿನ್ನು ತಿರುಗಿಸಿಕೊಂಡೇ ಹೊರಗೆ ಬರಬೇಕು. ದೂರದ ಗಾಡಿಗಳಿಗೆ ಅಷ್ಟು ಪುರುಸೊತ್ತಿಲ್ಲ. ಹಿಂದಿನ ಕಂಕನಾಡಿ ಸ್ಟೇಷನ್ನೇ ಈಗಿನ ಮಂಗಳೂರು ಜಂಕ್ಷನ್.

ಇನ್ನೊಂದು ತೊಡಕೂ ಉಂಟು. ಘಟ್ಟದ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಉತ್ತರದ್ದು ಕೊಂಕಣ ರೈಲ್ವೆಯದು. ಪೇಟೆ ಸ್ಟೇಷನ್ನು ಮಾತ್ರ ಬಹುಕಾಲ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿದ್ದು. ಒಂದು ಊರಿಗೆ ಮೂವರು ಪಟೇಲರಿದ್ದರೆ ಕಂದಾಯದ ಲೆಕ್ಕ ಹೇಗಿರುತ್ತದೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಮಂಗಳೂರನ್ನು ಒಂದೇ ಆಡಳಿತಕ್ಕೆ ತರಬೇಕೆಂಬ ಒತ್ತಾಯ ಕರಾವಳಿಯವರದು. ಘಟ್ಟದ ಮೇಲಿನವರೂ ಅದಕ್ಕೆ ದನಿ ಸೇರಿಸಬೇಕಿತ್ತು. ನಾವು ಸೇರಿಸಿದ್ದು ಕಡಿಮೆ. ಈ ಮಾತಿನಲ್ಲಿ ನಮ್ಮ ಸಂಘದ ತಪ್ಪೂ ಸೇರಿದೆ.

ಈ ದಾರಿ ನಮಗೆ ಎಷ್ಟು ಬೇಕೆಂಬುದು 2024ರ ಮಳೆಗಾಲದಲ್ಲಿ ತಿಳಿಯಿತು. ಜುಲೈ 26ರಂದು ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಸುಮಾರು ಎರಡು ವಾರ ಗಾಡಿ ನಿಂತಿತು. ಅದೇ ತಿಂಗಳು ಶಿರಾಡಿಯಲ್ಲೂ ಗುಡ್ಡ ಕುಸಿದಿತ್ತು. ನಮ್ಮ ಸದಸ್ಯರೊಬ್ಬರ ಮನೆಯವರಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಚಾರ್ಮಾಡಿ ಸುತ್ತಿ, ಬಾಡಿಗೆ ಕಾರಿನಲ್ಲಿ, ಬೆಳಗಿನ ಜಾವ ಹೊರಟು ರಾತ್ರಿ ಮನೆ ಸೇರುತ್ತಿದ್ದರು. ಕಾರಿನ ಬಾಡಿಗೆಗೆ ಆ ವರ್ಷದ ಮೆಣಸು ಮೊದಲೇ ಮಾರಿಕೊಂಡರು. ಗಾಡಿ ಮತ್ತೆ ಬಿಟ್ಟ ಸುದ್ದಿಯನ್ನು ಕಛೇರಿಗೆ ಫೋನು ಮಾಡಿ ನಮಗೆ ತಿಳಿಸಿದವರು ಅವರೇ.

ಮಂಗಳೂರಿಗೆ ಹೋಗುವ ಸದಸ್ಯರಲ್ಲಿ ಒಂದು ವಿನಂತಿ. ಟಿಕೆಟ್ ಕೊಳ್ಳುವಾಗ ಸೆಂಟ್ರಲ್ ಎಂದಿದೆಯೋ ಜಂಕ್ಷನ್ ಎಂದಿದೆಯೋ ನೋಡಿಕೊಳ್ಳಿ. ಎರಡರ ನಡುವೆ ಐದಾರು ಕಿಲೋಮೀಟರು ದೂರವಿದೆ.