ಹಿಂದಿನ ಬೆಂಚಿನ ಹುಡುಗ ಎಲ್ಲಿ ಹೋದ?

ಹಳೇಬೀಡಿಗೆ ಹೊಸಬರು ಬರೋದು ಸುದ್ದಿಯೇನಲ್ಲ ಬಿಡಿ. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ದೇವಾಲಯ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಬೆಳಿಗ್ಗೆ ಬಸ್ಸಿಳಿದು, ಹೊಯ್ಸಳೇಶ್ವರನ ಮುಂದೆ ಫೋಟೋ ತೆಗೆಸಿಕೊಂಡು, ಸಂಜೆ ಹೊರಡುವ ಹೊಸಬನಿಗೆ ಎಳನೀರು, ಟೀ, ಗೈಡು ಎಲ್ಲ ಸಿಗುತ್ತೆ. ಆದರೆ ಇಲ್ಲೇ ಇರೋಕೆ ಬಂದ ಹೊಸಬನ ಗತಿಯೇನು ಸ್ವಾಮಿ?

ಬ್ಯಾಂಕಿಗೆ ವರ್ಗವಾಗಿ ಬಂದವನು, ಆಸ್ಪತ್ರೆಯ ನರ್ಸಮ್ಮ, ಅರಸೀಕೆರೆ ಜಂಕ್ಷನ್ನಿಗೆ ಪೋಸ್ಟಿಂಗ್ ಆದ ರೈಲ್ವೆ ಹುಡುಗ, ಬೇಲೂರು-ಸಕಲೇಶಪುರ ಕಡೆಯ ಕಾಫಿ ತೋಟಕ್ಕೆ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೂಲಿಗಳು. ಇವರಲ್ಲಿ ಕ್ರೈಸ್ತರೂ ಇದ್ದಾರೆ. ಊರಲ್ಲಿ ಗುರುತಿಲ್ಲ, ಪರಿಚಯವಿಲ್ಲ. ಭಾನುವಾರ ಹುಡುಕಿಕೊಂಡು ಚರ್ಚಿಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಪೂಜೆ ಮುಗಿದ ಮೇಲೆ ಯುವಕ ಸಂಘದವರು ಅಂಗಳದಲ್ಲಿ ಗುಂಪುಕಟ್ಟಿ ನಗುತ್ತಾ ನಿಂತಿರುತ್ತಾರಲ್ಲ, ಆ ಗುಂಪಿನ ಬೆನ್ನು ನೋಡಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾರೆ. ಎರಡು ವಾರ ಬರ್ತಾರೆ, ಮೂರು ವಾರ ಬರ್ತಾರೆ. ಆಮೇಲೆ ಇಲ್ಲ.

ಸಂಘದವರನ್ನು ಕೇಳಿ ನೋಡಿ, "ನಾವೇನು ಬೇಡ ಅಂದ್ವಾ?" ಅಂತಾರೆ. ಅಂದಿಲ್ಲ ನಿಜ. ಬಾ ಅಂತಲೂ ಅಂದಿಲ್ಲ! ಅತ್ತ ಇದ್ದ ಹುಡುಗರೆಲ್ಲ ಕೆಲಸಕ್ಕೆ ಬೆಂಗಳೂರು ಬಸ್ ಹತ್ತುತ್ತಿದ್ದಾರೆ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟೋಕೆ ನಾಲ್ಕು ಕೈ ಸಿಗಲ್ಲ ಅಂತ ಗೋಳು ಬೇರೆ.

ಭಾಷೆಯದೂ ಒಂದು ತೊಡಕು. 1963ರ ನವೆಂಬರ್‌ನಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು; ಹಾಸನ ಜಿಲ್ಲೆಯೂ ಅದಕ್ಕೇ ಸೇರಿತು. ಮುಂದಿನ ತಿಂಗಳೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ದಾರಿ ಬಿಟ್ಟಿತು. ಅಲ್ಲಿಯವರೆಗೆ ಲ್ಯಾಟಿನ್. ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಅದರಲ್ಲಿ ಎಲ್ಲರೂ ಸಮಾನರು! ಈಗ ಪೂಜೆ ಕನ್ನಡದಲ್ಲಿ, ಆದರೆ ಅಂಗಳದ ಹರಟೆ ಒಬ್ಬೊಬ್ಬರದು ಒಂದೊಂದು. ಕರಾವಳಿ ಕಡೆಯಿಂದ ಬಂದ ಮನೆತನದವರದು ಕೊಂಕಣಿ, ತೋಟದ ಹಳೇ ಕೂಲಿ ಕುಟುಂಬಗಳದು ತಮಿಳು, ನರ್ಸಮ್ಮನದು ಮಲಯಾಳಂ. ಮನೆ ಮಾತು ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಹೊಸಬ ಪಕ್ಕದಲ್ಲಿ ನಿಂತಾಗ ಮಾತನ್ನು ಕನ್ನಡಕ್ಕೆ ತಿರುಗಿಸೋಕೆ ಏನು ಖರ್ಚು? ಅವನ ಕನ್ನಡ ಹರಕುಮುರುಕಾದರೆ ಆಗಲಿ, ಕಲಿಯೋದು ಮತ್ತೆಲ್ಲಿ?

ಇನ್ನೊಂದು, ಅವನು ಯಾವ ಸಭೆಯವನು ಅನ್ನೋ ವಿಚಾರಣೆ. ಆಂಗ್ಲಿಕನ್ನರು, ಮೆಥಡಿಸ್ಟರು ಮುಂತಾದವರೇ 1947ರಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ ಕಟ್ಟಿದರು. ದೊಡ್ಡವರಿಗೆ ಆದದ್ದು ನಮ್ಮ ಅಂಗಳದ ಹುಡುಗರಿಗೆ ಕಷ್ಟವಂತೆ. ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆಯೇ "ನೀವು ಯಾವ ಪೈಕಿ?" ಹೆಣ್ಣು ನೋಡೋಕೆ ಬಂದವರೂ ಸ್ವಲ್ಪ ತಡೆದು ಕೇಳ್ತಾರೆ ಕಣ್ರೀ!

ಹೊಸಬರಾಗೋ ಕಷ್ಟ ಈ ಜಿಲ್ಲೆಯ ಕ್ರೈಸ್ತರಿಗೆ ಗೊತ್ತಿಲ್ಲದ್ದೇನಲ್ಲ. ಶೆಟ್ಟಿಹಳ್ಳಿ ಚರ್ಚು ನೋಡಿದ್ದೀರಲ್ಲ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತಿತು, ಊರು ಎದ್ದು ಹೋಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬರಿಗೋಡೆ ತೋರಿಸುವ ಆ ಚರ್ಚಿನ ಮುಂದೆ ಇವತ್ತು ಪ್ರವಾಸಿಗರ ಸೆಲ್ಫಿ. ಅಲ್ಲಿ ಜ್ಞಾನಸ್ನಾನ, ಮದುವೆ ಆದ ಜನ ಗಂಟುಮೂಟೆ ಕಟ್ಟಿ ಬೇರೆ ಊರುಗಳಲ್ಲಿ ಮೊದಲಿಂದ ಶುರು ಮಾಡಬೇಕಾಯಿತು. ಅಲ್ಲಿ ಮೊದಲು ಮಾತಾಡಿಸಿದವರು ಯಾರು ಅನ್ನೋದನ್ನು ಸಂಘದ ಹುಡುಗರು ಅಂಥ ಮನೆಯ ಅಜ್ಜಿಯರನ್ನು ಕೇಳಲಿ. ಉಪನ್ಯಾಸಕ್ಕಿಂತ ಅದು ಮೇಲು.

ಮಾಡಬೇಕಾದ್ದು ದೊಡ್ಡದೇನಲ್ಲ. ಹೂವಿನ ಹಾರ, ಸ್ವಾಗತ ಭಾಷಣ ದಯವಿಟ್ಟು ಬೇಡ. ಹೊಸಬನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆದರೆ ನಾಚಿಕೆ ಸ್ವಭಾವದವನು ಮುಂದಿನ ವಾರ ಮನೆಯಲ್ಲೇ ಕೂತಾನು. ಹೆಸರು ಕೇಳಿ, ಮುಂದಿನ ಭಾನುವಾರ ಅದೇ ಹೆಸರು ಹಿಡಿದು ಕರೆಯಿರಿ. ಎರಡನೇದೇ ಕಷ್ಟದ್ದು! ಗೇಟಿನಾಚೆ ಇರುವ ಟೀ ಅಂಗಡಿಗೆ ಒಬ್ಬರು ಜೊತೆಗೆ ಹೋಗಿ. ಕೈಗೊಂದು ಕೆಲಸ ಕೊಡಿ: ಬೆಂಚು ಎತ್ತಿಡಲಿ, ಹಾಡಿನ ಪುಸ್ತಕ ಹಂಚಲಿ, ತಬಲಾ ಬರುತ್ತಾ ಕೇಳಿ. ಕೆಲಸ ಇದ್ದವನು ಅತಿಥಿಯಲ್ಲ.

ಸಭೆಯ ಹೊತ್ತನ್ನೂ ನೋಡಿಕೊಳ್ಳಬೇಕು. ಸಂಜೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿದರೆ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ವಾಪಸ್ ಹೋಗಬೇಕಾದ ಹೆಣ್ಣುಮಗಳು ಯಾವ ಧೈರ್ಯದ ಮೇಲೆ ಬರ್ತಾಳೆ? ಬೈಕ್ ಇದ್ದ ಸ್ಥಳೀಯರು ಹೊತ್ತು ಗೊತ್ತು ಮಾಡ್ತಾರೆ, ಬಸ್ಸಿನವರು ತಪ್ಪಿಸಿಕೊಳ್ತಾರೆ. ಪೂಜೆ ಮುಗಿದ ತಕ್ಷಣ ಅರ್ಧ ಗಂಟೆ ಸೇರಿದರೆ ಗಂಟೇನು ಹೋಗುತ್ತೆ?

ಡಿಸೆಂಬರ್ ಕ್ಯಾರಲ್‌ಗೆ ಮನೆಗಳ ಪಟ್ಟಿ ಬರೀತಾರಲ್ಲ, ಅದು ವರ್ಷವರ್ಷವೂ ಅದೇ ಹಳೇ ಪಟ್ಟಿ. ಈ ಸಲ ಬಾಡಿಗೆ ರೂಮುಗಳನ್ನೂ, ತೋಟದ ಲೈನುಮನೆಗಳನ್ನೂ ಸೇರಿಸಲಿ. ಮಾಲೀಕರನ್ನು ಒಂದು ಮಾತು ಕೇಳಿಕೊಂಡರೆ ಆಯಿತು. ಕೇಕು ಸಿಗದಿದ್ದರೂ ಚಹಾ ಅಂತೂ ಗ್ಯಾರಂಟಿ.